ಅಧ್ಯಕ್ಷರ ಮಾನಪತ್ರದಲ್ಲಿ ನಾಯಿ

ಮುರುಗೇಶ್ ಮೇಷ್ಟ್ರಿಗೆ ಒಂದು ಚಟವಿತ್ತು. ಬೀಡಿಯಲ್ಲ, ಇಸ್ಪೀಟಲ್ಲ, ಅವಾಗಿದ್ದರೆ ಹೆಂಡತಿ ಗಂಗಾ ಎಂದೋ ಬಿಡಿಸಿಬಿಡುತ್ತಿದ್ದಳು. ಇಂಗ್ಲಿಷಿನ ಯಾವ ಪದ ಕಿವಿಗೆ ಬಿದ್ದರೂ ಅದರ ಅಪ್ಪ ಯಾರು, ಅಜ್ಜ ಯಾರು, ಯಾವ ದೇಶದಿಂದ ಬಂತು ಎಂದು ಹೇಳದೆ ಅವರಿಗೆ ಉಂಡನ್ನ ಅರಗುತ್ತಿರಲಿಲ್ಲ. ಕಂಪ್ಲಿಯ ಆ ಖಾಸಗಿ ಶಾಲೆಯ ಸ್ಟಾಫ್ ರೂಮಿನಲ್ಲಿ ಆ ಬೆಳಿಗ್ಗೆ ಯಾರೂ ಏನೂ ಕೇಳಿರಲಿಲ್ಲ. ಇವರಾಗಿಯೇ ಹೇಳಿದರು. ಕೆಟ್ಟದ್ದೇ ಅಲ್ಲಿ.

ಅಂದು ಸಂಜೆ ಶಾಲಾ ಸಮಿತಿಯ ಅಧ್ಯಕ್ಷ, ಅಕ್ಕಿ ಮಿಲ್ಲಿನ ಜಡೆಪ್ಪನವರಿಗೆ ಸನ್ಮಾನವಿತ್ತು. ಹೈಸ್ಕೂಲಿಗೆ ಅನುಮತಿ ತಂದ ಪುಣ್ಯಾತ್ಮ ಅವರು. ನಾಳೆ ಬಾ ಎಂದರೆ ನಾಳೆಯೇ ಹೋಗಿ, ಒಳಗೆ ಬಿಡದಿದ್ದರೆ ಕಚೇರಿಯ ಗೇಟಿನ ಮುಂದೆಯೇ ಬುತ್ತಿ ಬಿಚ್ಚಿ ಕೂತು, ಕೊನೆಗೆ ಸಾಹೇಬರೇ ಬೇಸತ್ತು ಸಹಿ ಹಾಕುವ ಹಾಗೆ ಮಾಡಿದ್ದರು. ಈ ಕಡೆ ಸನ್ಮಾನವೆಂದರೆ ಶಾಲು, ಹಾರ, ಹಣ್ಣಿನ ಬುಟ್ಟಿ, ಜೊತೆಗೆ ಗಾಜಿನ ಫ್ರೇಮು ಹಾಕಿದ ಮಾನಪತ್ರ. ಅದನ್ನು ಸ್ಟೇಜಿನ ಮೇಲೆ ಗಟ್ಟಿಯಾಗಿ ಓದಲೇಬೇಕು, ಇಲ್ಲದಿದ್ದರೆ ಶಾಲು ಹೊದಿಸಿದ್ದೂ ಲೆಕ್ಕಕ್ಕಿಲ್ಲ. ಇಂಗ್ಲಿಷ್ ಮೀಡಿಯಂ ಶಾಲೆಯಾದ್ದರಿಂದ ಪತ್ರ ಇಂಗ್ಲಿಷಿನಲ್ಲಿರಲಿ, ಓದುವವರು ಕನ್ನಡದಲ್ಲಿ ಅರ್ಥ ಹೇಳಲಿ ಎಂದು ಸಮಿತಿ ತೀರ್ಮಾನಿಸಿತ್ತು.

ಬರೆದವರು ಮುರುಗೇಶ್. ಮನಸ್ಸಿಟ್ಟು ಬರೆದಿದ್ದರು, ಜಡೆಪ್ಪನವರೆಂದರೆ ಅವರಿಗೆ ನಿಜವಾಗಿಯೂ ಅಭಿಮಾನ. ಜೊತೆಗೆ ಇನ್ನೊಂದು ಆಸೆಯೂ ಇತ್ತು. ತಾತ್ಕಾಲಿಕ ಮೇಷ್ಟ್ರುಗಳಲ್ಲಿ ಒಬ್ಬರನ್ನು ಖಾಯಂ ಮಾಡಿ, ಆ ಹೆಸರನ್ನು ಅಧ್ಯಕ್ಷರು ಅದೇ ಸ್ಟೇಜಿನ ಮೇಲೆ ಹೇಳುವವರಿದ್ದರು. ತಾತ್ಕಾಲಿಕವಾಗಿಯೇ ಮುರುಗೇಶರ ತಲೆ ಅರ್ಧ ನರೆತಿತ್ತು.

"ಡಾಗೆಡ್ ಅಂತ ಒಂದು ಪದ ಹಾಕೀನ್ರಿ," ಎಂದರು ಮುರುಗೇಶ್, ಚಹದ ಲೋಟ ಹಿಡಿದು. "ಹಿಡಿದದ್ದು ಬಿಡದಾಂವ ಅಂತ ಅರ್ಥ. ಡಾಗ್ ಅಂದ್ರ ನಾಯಿ, ಅದ್ರಿಂದ ಡಾಗೆಡ್. ಮೊದ್ಲು ಅದು ಬೈಗುಳನೇ ಇತ್ತು ನೋಡ್ರಿ, ಆಮ್ಯಾಲೆ ಹೊಗಳಿಕಿ ಆತು. ಎಂಥಾ ಪದ!"

ಮೂಲೆಯಲ್ಲಿ ಬಾಲಿಗೆ ಗಾಳಿ ಹೊಡೆಯುತ್ತಿದ್ದ ಪಿ.ಟಿ. ಮೇಷ್ಟ್ರು ಹೊನ್ನೂರುಸ್ವಾಮಿ ಕಿವಿ ನೆಟ್ಟಗೆ ಮಾಡಿದರು. ಅವರೂ ತಾತ್ಕಾಲಿಕವೇ.

"ಅಷ್ಟ ಅಲ್ರೀ, ಸಿನಿಕಲ್ ಅಂತೀವಲ್ಲ, ಅದೂ ನಾಯಿನೇ! ಗ್ರೀಕರ ಮಾತಿನಾಗ ನಾಯಿಯಂಥದ್ದು ಅಂತ ಅರ್ಥ. ಅಲ್ಲಿ ಕೆಲವು ಜ್ಞಾನಿಗಳು ಬೀದ್ಯಾಗ ಮಲಗಿ, ಸಿಕ್ಕಿದ್ದು ತಿಂದು, ರಾಜನಿಗೂ ಅಂಜದಂಗ ಮಾತಾಡ್ತಿದ್ರಂತ. ಜನ ನಾಯಿಗಳು ಅಂತ ಬೈದ್ರು. ಇವ್ರು, ಹೌದಪ್ಪ, ನಾವು ನಾಯಿಗಳೇ ಅಂತ ಆ ಹೆಸರ್ನೇ ಇಟ್ಕೊಂಡ್ರು. ಕೇನೈನ್ ಅನ್ನೋದು ಲ್ಯಾಟಿನ್ ನಾಯಿ, ನಮ್ಮ ಕೋರೆಹಲ್ಲಿಗೂ ಅದೇ ಹೆಸರು. ಆದ್ರ ಡಾಗ್ ಅನ್ನೋ ಪದ ಎಲ್ಲಿಂದ ಬಂತು ಅಂತ ಪಂಡಿತರಿಗೂ ಗೊತ್ತಿಲ್ಲ. ಬೀದಿನಾಯಿ ಬಂದಂಗ ಎಲ್ಲಿಂದಲೋ ಬಂದು ಬಾಗಲಾಗ ಮಲಕ್ಕೊಂಡತಿ!"

ಇಷ್ಟು ಹೇಳಿ ಭಕ್ತಿಯಿಂದ ಕಣ್ಣು ಮುಚ್ಚಿದರು. ಕಣ್ಣು ತೆರೆಯುವಷ್ಟರಲ್ಲಿ ಹೊನ್ನೂರುಸ್ವಾಮಿ ಇರಲಿಲ್ಲ, ಬಾಲು ಮಾತ್ರ ಇತ್ತು. ಹೊರಗೆ ಅವರ ಬೈಕು ಗುಡುಗುಡು ಎಂದಿತು.

ಮಧ್ಯಾಹ್ನ ಊಟದ ಬೆಲ್ ಹೊಡೆದ ಮೇಲೆ ಹೆಡ್ ಮಿಸ್ ಹೇಮಾವತಿ ಓಡಿಬಂದರು. "ಏನ್ರೀ ಮುರುಗೇಶ್, ಅಧ್ಯಕ್ಷರಿಗೆ ನಾಯಿ ಅಂತ ಬರ್ದೀರಂತಲ್ರೀ! ತಲಿ ನೆಟ್ಟಗೈತೋ ಇಲ್ಲೋ?"

"ಮೇಡಂ, ಅದು ಹೊಗಳಿಕಿರೀ..."

"ಏನ್ ಹೊಗಳಿಕಿ? ಸ್ಟೇಜ್ ಮ್ಯಾಲೆ ನಿಂತು ಅರ್ಥ ಹೇಳೋರು ನೀವ! ನಿಮ್ಮ ಬಾಯಿ ನಂಗೊತ್ತಿಲ್ಲೇನು, ನಾಯಿ ಅಪ್ಪನಿಂದ ಹಿಡ್ದು ಮುತ್ತಜ್ಜನ ಮಟ ಹೇಳ್ತೀರಿ. ಹೊನ್ನೂರುಸ್ವಾಮಿ ಮಿಲ್ಲಿನ ಕಡಿಗೇ ಹೋದ್ರು. ನಿಮ್ಮ ಖಾಯಂ ಅಂತೂ ಹೋತು, ನನ್ನ ಕುರ್ಚಿನೂ ತಗೊಂಡು ಹೋಗಬ್ಯಾಡ್ರಿ. ಜಲ್ದಿ ಹೋಗಿ ಸಿಂಹ ಅಂತ ಹಾಕಿಸ್ಕೊಂಡು ಬರ್ರಿ!"

ಫ್ರೇಮು ಹೊಸಪೇಟೆಯ ಅಂಗಡಿಯಲ್ಲಿತ್ತು. ಮುರುಗೇಶ್ ಸಿಕ್ಕ ಬಸ್ಸು ಹತ್ತಿದರು. ಅರ್ಧ ದಾರಿಯಲ್ಲಿ ಗಂಗಾಳ ಫೋನು ಬಂತು. "ಏನ್ರೀ, ಜಡೆಪ್ಪನೋರಿಗೆ ನಾಯಿ ಅಂದ್ರಂತ? ನೀರಿಗೆ ಬಂದ ಬಾಜು ಮನಿ ಎಲ್ಲಮ್ಮ ಹೇಳಿದ್ಲು. ಹುಚ್ಚು ನಾಯಿ ಅಂದ್ರಂತಲ್ರೀ!"

ನಾಯಿಗೆ ಅಷ್ಟರಲ್ಲಿ ಹುಚ್ಚೂ ಹಿಡಿದಿತ್ತು. ಅವಳಿಗೆ ಸಮಾಧಾನ ಹೇಳಿ ಮುಗಿಸುವ ಮೊದಲೇ ಇನ್ನೊಂದು ಫೋನು ಬಂತು. ಜಡೆಪ್ಪನವರ ಹೆಸರು ನೋಡಿ ಮುರುಗೇಶ್ ಎತ್ತಲಿಲ್ಲ. ಅದು ಮತ್ತೆ ಮತ್ತೆ ಬಡಿದುಕೊಂಡಿತು. ಫೋನನ್ನು ಊಟದ ಚೀಲದೊಳಗೆ ರೊಟ್ಟಿಯ ಕೆಳಗೆ ತುರುಕಿ, ಕಿಟಕಿಯಾಚೆಯ ಬಾಳೆ ತೋಟ ನೋಡುತ್ತಾ ಕೂತರು. ಪಕ್ಕದಲ್ಲಿ ಕೂತವನು, "ಸಾರ್, ನಿಮ್ಮ ರೊಟ್ಟಿ ಬಡ್ಕೊಳ್ಳಾಕತ್ತಾವು," ಎಂದ.

ಅಂಗಡಿಯ ಮಲ್ಲಿಕಾರ್ಜುನ್ ಹಣೆ ಗಟ್ಟಿಸಿಕೊಂಡ. "ಫ್ರೇಮ್ ಹಾಕಿ ಮೊಳಿ ಹೊಡ್ದೀನಲ್ರೀ ಸಾರ್! ಅಲ್ರೀ, ಸಿಂಹ ಅಂತ ದಿನಾ ಪ್ರಿಂಟ್ ಹೊಡಿತೀನಿ, ಹುಲಿ ಅಂತ ಹೊಡಿತೀನಿ. ನಾಯಿ ಇದೊಂದೇ ಬಂದಿತ್ತು. ನಂಗಂತೂ ಮಸ್ತ್ ಅನಿಸಿತ್ರೀ."

ಮುರುಗೇಶರಿಗೆ ಕಣ್ಣಲ್ಲಿ ನೀರು ಬಂತು. ನಾಲ್ಕು ದಿನ ಯೋಚಿಸಿ ಹುಡುಕಿದ ಪದ ಅದು; ಜಡೆಪ್ಪನವರಿಗೆ ಹೇಳಿ ಮಾಡಿಸಿದಂತಿತ್ತು. ಆದರೂ ಗಂಗಾಳ ಮುಖ, ಮನೆಯ ಬಾಡಿಗೆ, ನರೆತ ತಲೆ ಎಲ್ಲವೂ ನೆನಪಾಗಿ, "ಸಿಂಹನೇ ಹಾಕಪ್ಪ," ಎಂದರು. ಹೊಸ ಪತ್ರದ ಫ್ರೇಮನ್ನು ಕೂಸಿನಂತೆ ಎದೆಗವಚಿಕೊಂಡು ಕಂಪ್ಲಿಗೆ ಬರುವಾಗ ಸಭೆ ತುಂಬಿತ್ತು.

ಮುಂದಿನ ಸಾಲಿನಲ್ಲಿ ಜಡೆಪ್ಪನವರ ತಾಯಿ ಪಂಪಮ್ಮ ಹೊಸ ಇಳಕಲ್ ಸೀರೆಯುಟ್ಟು ಕೂತಿದ್ದರು. ಸ್ಟೇಜಿನ ಮೇಲೆ ಜಡೆಪ್ಪ ಮುರುಗೇಶರನ್ನೇ ನೋಡುತ್ತಿದ್ದರು. ಮುರುಗೇಶ್ ಮೈಕು ಹಿಡಿದು, ಬೆವರು ಒರೆಸಿಕೊಂಡು, ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಕೂಗಿದರು: "ನಮ್ಮ ಅಧ್ಯಕ್ಷರು ಸಿಂಹದಂಥವರು!"

ಚಪ್ಪಾಳೆ ಬಿತ್ತು. ಜಡೆಪ್ಪನವರ ಮುಖ ಮಾತ್ರ ಇಳಿದುಹೋಯಿತು. ಪಂಪಮ್ಮ ಕೂತಲ್ಲಿಂದಲೇ ಕೇಳಿದರು, "ಲೇ ಜಡೆಪ್ಪ, ನಾಯಿ ಎಲ್ಲೋ?"

ಜಡೆಪ್ಪ ಎದ್ದು ಮೈಕು ತೆಗೆದುಕೊಂಡರು. "ನಮ್ಮ ಮನಿದೇವ್ರು ಮೈಲಾರಲಿಂಗ. ನಮ್ಮಪ್ಪ ಆ ದೇವ್ರ ಸೇವಾ ಮಾಡೋ ವಗ್ಗಯ್ಯ ಆಗಿದ್ದಾಂವ. ಕರಿಕಂಬಳಿ ಹೊದ್ದು ದೇವ್ರ ಮುಂದ ನಾಯಿ ಆಗಿ ಬೊಗಳಿ, ದೋಣಿ ಅಂತೀವಲ್ಲ, ಆ ಬಟ್ಟಲದಾಗಿನ ಪ್ರಸಾದಕ್ಕ ಬಾಯಿ ಹಾಕಿ ತಿಂದಾಂವ. ನಾನೂ ದೀಕ್ಷಾ ತಗೊಂಡೀನಿ. ದೇವ್ರ ನಾಯಿ ಅನ್ನಿಸ್ಕೊಂಡ್ರ ನಮಗ ಅದಕ್ಕಿಂತ ದೊಡ್ಡ ಬಿರುದಿಲ್ಲ. ಸಿಂಹ ಅಂತ ಎಲ್ಲಾರೂ ಅಂತಾರ, ಮನಿ ಗ್ವಾಡಿ ತುಂಬ ಸಿಂಹದ ಮಾನಪತ್ರನೇ ಅದಾವು. ನನ್ನ ಗುರ್ತು ಹಿಡ್ದು ನಾಯಿ ಅಂದೋರು ನೀವೊಬ್ರೇ ಅಂತ, ಅವ್ವನ್ನ ಎಮ್ಮಿಗನೂರಿಂದ ಕಾರು ಕಳಿಸಿ ಕರೆಸಿದೆ. ಭಾಳ ಖುಷಿ ಆತು ಅನ್ನಾಕ ಫೋನ್ ಮಾಡಿದ್ರ, ಎತ್ತಲಿಲ್ಲ ನೀವು."

ಮುರುಗೇಶ್ ಕೈಯಲ್ಲಿದ್ದ ಫ್ರೇಮನ್ನು ಕೆಳಗಿಳಿಸಿದರು. "ಸರ್, ನಾಯಿನೇ ಬರ್ದಿದ್ದೆ ಸರ್... ಅಂಜಿ ತೆಗೆಸಿದೆ."

"ಖಾಯಂ ಪೋಸ್ಟಿಗೆ ನಿಮ್ಮ ಹೆಸರೇ ಹೇಳೋನಿದ್ದೆ ಮೇಷ್ಟ್ರೇ." ಜಡೆಪ್ಪ ಬೇಜಾರಿನಲ್ಲಿ ತಲೆ ಅಲ್ಲಾಡಿಸಿ, ಸ್ಟೇಜಿನ ಪಕ್ಕದಲ್ಲಿ ನಿಂತಿದ್ದ ಪಿ.ಟಿ. ಮೇಷ್ಟ್ರ ಕಡೆ ಕೈ ತೋರಿಸಿದರು. "ಈ ಹೊನ್ನೂರುಸ್ವಾಮಿನ ನೋಡ್ರಿ. ನಿಮ್ಮ ಮ್ಯಾಲೆ ಚಾಡಿ ಹೇಳಾಕಂತ ಮುಂಜಾನೆ ಮಿಲ್ಲಿಗೆ ಬಂದ್ರು. ಬೈದು ಕಳಿಸಿದೆ, ಮತ್ತ ಬಂದ್ರು. ವಾಚ್‌ಮನ್ ಹೊರಗ ಹಾಕಿದ, ಗೇಟಿನ್ಯಾಗ ನಿಂತ್ರು. ಊಟಕ್ಕ ಮನಿಗೆ ಹೋದ್ರ ಬೈಕ್ ಹಿಂದ ಬಂದ್ರು. ನಿಮ್ಮನ್ನ ನಾಯಿ ಅಂದಾರ್ರೀ ಅಂತ ನನ್ನ ಮುಖದ ಮ್ಯಾಲೆ ಪೂರಾ ಹೇಳಿ ಮುಗಿಸಿದ ಮ್ಯಾಲೇ ಹೋದ್ರು. ಚಾಡಿಕೋರನೇ ಖರೆ, ಆದ್ರ ಹಿಡಿದದ್ದು ಬಿಡಲಿಲ್ಲ ನೋಡ್ರಿ. ಇಂಥೋರಿಗೆ ಇಂಗ್ಲಿಷ್‌ನಾಗ ಏನಂತಾರ್ರೀ?"

ಸಭೆಯೆಲ್ಲ ಮುರುಗೇಶರ ಕಡೆ ತಿರುಗಿತು. ಹೇಮಾವತಿ ಬೇಡ ಬೇಡ ಎಂದು ಕಣ್ಸನ್ನೆ ಮಾಡಿದರು. ಪದದ ಅರ್ಥ ಕೇಳಿದ ಮೇಲೆ ಸುಮ್ಮನಿರಲು ಮುರುಗೇಶರಿಂದ ಆಗುತ್ತದೆಯೇ?

"ಡಾಗೆಡ್ ಅಂತಾರ್ರೀ," ಎಂದರು.

"ಹಂಗಾದ್ರ ಖಾಯಂ ಪೋಸ್ಟು ಅವ್ರಿಗೇ," ಎಂದು ಜಡೆಪ್ಪ ತಮ್ಮ ಶಾಲನ್ನು ತೆಗೆದು ಹೊನ್ನೂರುಸ್ವಾಮಿಗೆ ಹೊದಿಸಿದರು.