ಕನ್ನಡಕ್ಕೆ ಹೋದ ಗಿಣಿ

ಪ್ರಾಣಿಗಳಿಗೂ ನನಗೂ ಯಾವ ಜನ್ಮದ ನಂಟೋ, ಯಾವುದನ್ನು ಮನೆಯಲ್ಲಿ ಸಾಕಬಾರದು ಅಂತ ಕಾಯ್ದೆ ಹೇಳುತ್ತದೋ ಅದೇ ವಿಳಾಸ ಹುಡುಕಿಕೊಂಡು ನಮ್ಮ ಮನೆಗೆ ಬರುತ್ತದೆ. ನನ್ನ ಬಾಯಿಯೂ ಸುಮ್ಮನಿರುವುದಿಲ್ಲ ಅನ್ನಿ, ಅದು ಬೇರೆ ಮಾತು.

ಡಬ್ಬಿಯೊಳಗಿನ ಆಮೆ

ನಾನು ನಾಸಿಕ್‌ನ ಬ್ಯಾಂಕಿನಲ್ಲಿದ್ದಾಗ ಪಕ್ಕದ ಮನೆಯಲ್ಲಿ ಕಲಬುರಗಿ ಕಡೆಯ ಇಂಜಿನಿಯರ್ ಒಬ್ಬರಿದ್ದರು, ದಿನಾ ಓಝರ್‌ನ ವಿಮಾನ ಕಾರ್ಖಾನೆಗೆ ಕೆಲಸಕ್ಕೆ ಹೋಗುವವರು. ಮನೆಯಲ್ಲಿ ಲಕ್ಷ್ಮಿ ನಿಲ್ಲುತ್ತಾಳೆಂದು ಯಾರೋ ಹೇಳಿದ್ದಕ್ಕೆ, ಬೆನ್ನ ಮೇಲೆ ನಕ್ಷತ್ರದಂಥ ಗೆರೆಯಿರುವ ಆಮೆ ತಂದಿಟ್ಟಿದ್ದರು. ಅದನ್ನು ಸಾಕುವುದು ಅಪರಾಧ. ಇಂಥ ಅವಕಾಶ ಬಿಡುವುದುಂಟೆ? ಗಂಟಲು ದಪ್ಪ ಮಾಡಿ, ಅರಣ್ಯ ಇಲಾಖೆಯವನಂತೆ ಹಿಂದಿಯಲ್ಲಿ ಅವರಿಗೆ ಫೋನ್ ಮಾಡಿದೆ: ಆಮೆ ಇದೆಯಂತೆ, ನಾಳೆ ತಪಾಸಣೆಗೆ ಬರುತ್ತೇವೆ.

ಚಹಾ ಬಾಯಿಗಿಡುವಷ್ಟರಲ್ಲಿ ನಮ್ಮ ಬಾಗಿಲು ಬಡಿಯಿತು. ಇಂಜಿನಿಯರು ಊಟದ ಡಬ್ಬಿ ಹಿಡಿದು ನಿಂತಿದ್ದರು.

"ನಿಮ್ಮಂಥ ಸಂಭಾವಿತರ ಮನಿ ಯಾರೂ ತಪಾಸ ಮಾಡಂಗಿಲ್ರಿ. ಎಂಟು ದಿನ ಇಟ್ಕೊಳ್ರಿ."

ಡಬ್ಬಿ ಕೈಗಿಟ್ಟು ಓಡಿದರು. ಮುಚ್ಚಳ ತೆಗೆದೆ. ಆಮೆ ನನ್ನ ಮುಖ ನೋಡಿ ತಲೆ ಒಳಗೆಳೆದುಕೊಂಡಿತು. ನನಗೆ ಆ ಸೌಲಭ್ಯ ಇರಲಿಲ್ಲ.

ಮಂಗ ಬ್ಯಾಡವ್ವಾ

ಮುಂದೆ ಛತ್ರಪತಿ ಸಂಭಾಜಿನಗರಕ್ಕೆ ವರ್ಗವಾಯಿತು. ಬೀದರಿನಿಂದ ಅತ್ತೆ ನಮ್ಮಲ್ಲಿಗೇ ಬಂದರು, ಪಂಜರದ ಹಸಿರು ಗಿಣಿ ಸಮೇತ. ನಾವು ಗಂಡ ಹೆಂಡತಿ ಬೆಳಗ್ಗೆ ಹೋದರೆ ಸಂಜೆ. ಮಕ್ಕಳಿಗೆ ಕನ್ನಡ ತಿಳಿಯುತ್ತದೆ, ಬಾಯಿ ಬಿಟ್ಟರೆ ಮರಾಠಿ. ಹಗಲೆಲ್ಲ ಅತ್ತೆಗೆ ಕನ್ನಡದಲ್ಲಿ ಉತ್ತರ ಕೊಡುವ ಜೀವ ಆ ಗಿಣಿ ಒಂದೇ. ಅದಕ್ಕೆ ಬರುತ್ತಿದ್ದುದೂ ಒಂದೇ ಮಾತು, ಅತ್ತೆ ನನಗೆ ದಿನಕ್ಕೆ ಹತ್ತು ಸಲ ಹೇಳುವ ಮಾತು: "ಖರೇ ಹೇಳ್ರಿ!"

ನಮ್ಮ ನಾಡಿನ ಗಿಣಿಯನ್ನು ಸಾಕಿದರೆ ಜೇಲು ಅಂತ ನಾನು ಹೇಳಿದೆ.

"ಖರೇ ಹೇಳ್ರಿ," ಅಂದರು ಅತ್ತೆ. ಗಿಣಿಯೂ ಅಂದಿತು. ಜೀವನದಲ್ಲಿ ಒಮ್ಮೆ ಖರೇ ಹೇಳಿದರೆ ಈ ಗತಿ.

ಮರುದಿನ ಕೆಳಗಿನ ಮನೆಯ ಮರಾಠಿ ಕಾಕು ಬಂದು, ಗಿಣಿಗೆ ಪೇರಲ ಹಣ್ಣು ಇಲ್ಲದ್ದು ನೋಡಿ, "ಮಂಗ, ಆಣೂ ಕಾ?" ಅಂದರು. 'ಹಾಗಾದರೆ ತರಲೇ' ಅಂತ ಅರ್ಥ.

ಅತ್ತೆ ಎರಡೂ ಕೈ ಮುಗಿದರು. "ಮಂಗ ಬ್ಯಾಡವ್ವಾ ತಾಯಿ! ಗಿಣಿಗೇ ಜೇಲು ಅಂತಾರ ಅಳಿಯಂದ್ರು!"

ಗಿಣಿ ಎಲ್ಲಿಯದು?

ಕಾಕುವಿಗೆ ತಿಳಿದದ್ದು ಜೇಲು ಅನ್ನುವುದೊಂದೇ. ಅದು ಕಟ್ಟಡವೆಲ್ಲ ಸುತ್ತಿ, ವಾರದೊಳಗೆ ಅರಣ್ಯ ಇಲಾಖೆಯ ಸಾಹೇಬರು ಬಾಗಿಲಿಗೆ ಬಂದರು.

ನಾನು ತಟ್ಟನೆ, ಇದು ಆಫ್ರಿಕಾದ ಗಿಣಿ ಅಂದೆ. ವಿದೇಶಿ ಹಕ್ಕಿಯಾದರೆ ನೋಂದಣಿ ಬೇಕು, ಕಾಗದ ತೋರಿಸಿ ಅಂದರು. ನಾನು ಬೆವರು ಒರೆಸಿಕೊಂಡೆ.

"ಖರೇ ಹೇಳ್ರಿ!" ಅಂದಿತು ಆಫ್ರಿಕಾದ ಗಿಣಿ.

ಸಾಹೇಬರು ಅತ್ತೆಯತ್ತ ತಿರುಗಿದರು. "ಆಜೀ, ಪೋಪಟ್ ಕುಠಲಾ?" ಗಿಣಿ ಎಲ್ಲಿಯದು ಅಂತ. ಯಾವ ಭಾಷೆ ಅಂತ ಕೇಳಿದರೆಂದು ತಿಳಿದ ಅತ್ತೆ ಎದೆಯುಬ್ಬಿಸಿ ಹೇಳಿದರು: "ಕನ್ನಡ!"

ಸಂಭಾಜಿನಗರದಿಂದ ಬಸ್ಸು ಹತ್ತಿದರೆ ಸಿಗುವ ಒಂದು ತಾಲೂಕು ಊರಿನ ಹೆಸರೇ ಕನ್ನಡ. ಸಾಹೇಬರು ಹಾಗೇ ಬರೆದುಕೊಂಡರು. ಹಾರುವುದು ರೂಢಿಯಾದ ಮೇಲೆ ಅಲ್ಲಿಗೇ ಬಿಡುತ್ತೇವೆ ಅಂದರು.

ಅತ್ತೆ ಪಂಜರ ಅಪ್ಪಿಕೊಂಡು ಕುಳಿತಿದ್ದರು. ನಾನು ತಿಳಿಸಿ ಹೇಳಿದೆ: "ಕನ್ನಡದಾಗ ಬಿಡ್ತಾರಂತ್ರಿ."

ಅವರ ಕೈ ಸಡಿಲಾಯಿತು. "ಕನ್ನಡದಾಗ? ಹಂಗಿದ್ರ ಒಯ್ಯಪ್ಪಾ. ಇಲ್ಲಿ ನನ್ನ ಮೊಮ್ಮಕ್ಕಳೇ ಮಾತಾಡಂಗಿಲ್ಲ."

ನಾನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಹಾಗಾಗಿಯೇ ನಿದ್ದೆ ಬರಲಿಲ್ಲ.

ಕನ್ನಡ ಬರದ ಕನ್ನಡ

ಎರಡು ತಿಂಗಳ ಮೇಲೆ ಬಸ್ ನಿಲ್ದಾಣದಲ್ಲಿ ಕಂಡಕ್ಟರ್ "ಕನ್ನಡ, ಕನ್ನಡ!" ಅಂತ ಕೂಗುವುದು ಅತ್ತೆಯ ಕಿವಿಗೆ ಬಿತ್ತು.

"ಇಷ್ಟು ಹತ್ರ ಅದ ಏನು? ನಡೀರಿ!"

ಅಲ್ಲಿ ಇಳಿದವರೇ ಚಹಾದವನಿಗೆ "ಆರಾಮಿದ್ದೀರಿ?" ಅಂದರು. ಅವನು "ಕಾಯ್?" ಅಂದ, ಏನು ಅಂತ. ಪೇರಲ ಮಾರುವವಳೂ "ಕಾಯ್?" ಅಂದಳು. ಅತ್ತೆ ನನ್ನತ್ತ ತಿರುಗಿದರು. ಕಣ್ಣು ತುಂಬಿತ್ತು.

"ಅಳಿಯಂದ್ರ, ಹೆಸರಿಗೆ ಕನ್ನಡ, ಬಲ್ಲವ್ರು ಒಬ್ರೂ ಇಲ್ಲ! ನನ್ನ ಗಿಣಿ ಯಾರ ಕೂಡ ಮಾತಾಡ್ತದ?"

"ಅದು ಉಳಿದ ಗಿಣಿಗಳಿಗೆ ಕಲಿಸ್ಲಿಕ್ಕತ್ತದ್ರಿ," ಅಂತ ಬಾಯಿಗೆ ಬಂದದ್ದು ಹೇಳಿದೆ.

ತಲೆಯ ಮೇಲಿನ ಬೇವಿನ ಮರದಿಂದ ಕೇಳಿತು: "ಖರೇ ಹೇಳ್ರಿ!" ಹಿಂದೆಯೇ ಇನ್ನೊಂದು ಕೊಂಬೆಯಿಂದ, ಮತ್ತೊಂದರಿಂದ. ಕಡಿಮೆಯೆಂದರೂ ನಲವತ್ತು ಗಿಣಿ!

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, "ನಿಮ್ಮ ಮಕ್ಕಳಿಗಿಂತ ಇವೇ ಛಲೋ," ಅಂದರು.

ಈ ಕಥೆ ಯಾರಿಗೆ ಹೇಳಿದರೂ ನನ್ನ ಮುಖ ನೋಡಿ ಅವರು ಆ ಗಿಣಿಯ ಮಾತನ್ನೇ ಹೇಳುತ್ತಾರೆ.