ಪೂಜೆಗೆ ಹೋದ ಬೋಲ್ಟುಗಳು

ನಾನು ಕೈಗೆ ಸ್ಪ್ಯಾನರ್ ತೆಗೆದುಕೊಂಡರೆ ಸಾಕು, ಕುಂಬಾರಕೊಪ್ಪಲಿನ ನಮ್ಮ ಬೀದಿಗೆ ಒಂದು ವಾರ ನಗೋದಕ್ಕೆ ಸರಕು ಸಿಗುತ್ತದೆ. ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವನು ಅಂತ ಯಾರೂ ಮುಲಾಜು ನೋಡುವುದಿಲ್ಲ.

೧. ರಂಗೋಲಿಯ ಚುಕ್ಕಿ

ನಮ್ಮ ಹಳೇ ಕಾರಿನ ಎಂಜಿನ್ ತಲೆ ಮೇಲೆ ವಾಲ್ವ್ ಕವರ್ ಅಂತ ಒಂದು ಮುಚ್ಚಳವಿದೆ. ಅದರಡಿಯ ರಬ್ಬರ್ ಗ್ಯಾಸ್ಕೆಟ್ ಸತ್ತು, ಎಣ್ಣೆ ಬಾಗಿಲ ಮುಂದಿನ ರಂಗೋಲಿ ಮೇಲೆ ತೊಟ್ಟಿಕ್ಕುತ್ತಿತ್ತು.

ಹೆಂಡತಿ ಒಂದು ದಿನ ಪೊರಕೆ ಹಿಡಿದೇ ಹೇಳಿದಳು, "ನಾನು ಹನ್ನೊಂದು ಚುಕ್ಕಿ ಇಟ್ರೆ ನಿಮ್ಮ ಕಾರು ಹನ್ನೆರಡನೇದು ಇಡತ್ತೆ ಕಣ್ರೀ. ಆಯುಧಪೂಜೆ ಆದ್ಮೇಲೆ ಒಂದು ತೊಟ್ಟು ಬಿದ್ರೂ ಇದು ಗುಜರಿಗೆ."

ನಾನು ಡ್ರೈವಿಂಗ್ ಕಲಿತದ್ದೇ ಆ ಕಾರಿನಲ್ಲಿ. ಮನೆಯಲ್ಲೇ ರಿಪೇರಿ ಮಾಡಿ ತೋರಿಸುತ್ತೇನೆ ಅಂದೆ.

೨. ಊಟದ ಡಬ್ಬಿ

ಹಳೇ ಗ್ಯಾಸ್ಕೆಟ್ ಬಿಚ್ಚುವಾಗಲೇ ಮೂರು ತುಂಡಾಯಿತು. ಅಂಗಡಿಯವರು ಸ್ಯಾಂಪಲ್ ಕೇಳುತ್ತಾರೆ ಅಂತ ಸ್ಟೀಲ್ ಡಬ್ಬಿಯಲ್ಲಿ ಹಾಕಿಕೊಂಡು ಮಂಡಿ ಮೊಹಲ್ಲಾದ ಸ್ಪೇರ್‌ಪಾರ್ಟ್ಸ್ ಅಂಗಡಿಗೆ ಹೋದೆ.

"ಹಳೇದು ತಂದಿದ್ದೀರಾ?"

ಗತ್ತಿನಿಂದ ಮುಚ್ಚಳ ತೆಗೆದೆ. ಒಳಗೆ ಚಿತ್ರಾನ್ನವಿತ್ತು.

ಅಷ್ಟರಲ್ಲಿ ಹೆಂಡತಿಯ ಆಫೀಸಿನಿಂದ ಫೋನು. "ಇಲ್ಲಿ ಎಲ್ಲರ ಮುಂದೆ ಡಬ್ಬಿ ತೆಗೆದ್ಬಿಟ್ಟೆ ಕಣ್ರೀ. ಇದನ್ನ ಏನಂತ ಹೇಳ್ಲಿ?"

ಅಂಗಡಿಯವರು ಚಿತ್ರಾನ್ನ ನೋಡಿ, "ಈ ಮಾಡಲ್ ನಮ್ಮಲ್ಲಿ ಬರಲ್ಲ ಸಾರ್," ಅಂದರು.

೩. ನನ್ನ ಪಾಂಡಿತ್ಯ

ಮಾರನೆಯ ದಿನ ಸರಿಯಾದ ಡಬ್ಬಿಯೊಂದಿಗೆ ಹೋಗಿ ಗ್ಯಾಸ್ಕೆಟ್ ತಂದೆ. ಕೂರಿಸಿ, ಮೂಲೆಗಳಿಗೆ ಸೋರದಂತೆ ಅಂಟುವ ಪೇಸ್ಟ್ ಬಳಿದು, ಹಲ್ಲು ಕಚ್ಚಿ ಬೋಲ್ಟ್ ಬಿಗಿದು, ತಕ್ಷಣ ಎಂಜಿನ್ ಚಾಲೂ ಮಾಡಿದೆ. ಹಿಂದೆ ತೊಟ್ಟಿಕ್ಕುತ್ತಿದ್ದ ಎಣ್ಣೆ ಈಗ ಧಾರೆಯಾಗಿ ಸುರಿಯತೊಡಗಿತು.

ಉದಯಗಿರಿಯ ಮೆಕ್ಯಾನಿಕ್ ಬಳಿ ಓಡಿದೆ. ಅವರು ನಸುನಕ್ಕು, "ಅಷ್ಟು ಬಿಗಿದ್ರೆ ರಬ್ಬರ್ ಹಿಂಡಿಹೋಗತ್ತೆ ಸಾರ್. ಮೆತ್ತಗೆ ತಿರುಗ್ಸಿ. ಪೇಸ್ಟ್ ಹಚ್ಚಿ ಕವರ್ ಕೂರ್ಸಿದ ಮೇಲೆ ಒಂದು ರಾತ್ರಿ ಸುಮ್ನೆ ಬಿಡಿ," ಅಂದರು.

ಒತ್ತಡದ ಮೇಲೆ ಇಪ್ಪತ್ತು ವರ್ಷ ಪಾಠ ಹೇಳಿದವನಿಗೇ ಪಾಠವೇ? ಹೂಂ ಅಂದೆ, ಕೇಳಿಸಿಕೊಳ್ಳಲಿಲ್ಲ.

೪. ಕುಂಕುಮ

ಆಯುಧಪೂಜೆಯ ಬೆಳಗ್ಗೆ ಇನ್ನೊಂದು ಹೊಸ ಗ್ಯಾಸ್ಕೆಟ್ ಹಾಕಿ, ಪೇಸ್ಟ್ ಹಚ್ಚಿ, ಕವರ್ ಕೂರಿಸಿದೆ. ಬೋಲ್ಟುಗಳನ್ನು ಆಗಲೇ ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ತಟ್ಟೆಯಲ್ಲಿ ಜೋಡಿಸಿಟ್ಟಿದ್ದೆ. ತಿರುಗಿ ನೋಡಿದರೆ ತಟ್ಟೆಯೇ ಇಲ್ಲ.

ಒಳಗಿನಿಂದ ಗಂಟೆ ಸದ್ದು. ದೇವರಮನೆಗೆ ಓಡಿದೆ. ಈಳಿಗೆಮಣೆ, ಕತ್ತರಿ, ಕುಡುಗೋಲುಗಳ ನಡುವೆ ನನ್ನ ಬೋಲ್ಟುಗಳು! ಒಂದೊಂದರ ತಲೆಗೂ ಕುಂಕುಮ, ಸೇವಂತಿಗೆ ಎಸಳು. ಅಮ್ಮ ಮಂಗಳಾರತಿ ಮಾಡುತ್ತಿದ್ದರು.

"ಅಮ್ಮಾ, ಅವು ಬೇಕು!"

"ಪೂಜೆಗಿಟ್ಟಿದ್ದ ನಾಳೆಗಂಟ ಮುಟ್ಟಂಗಿಲ್ಲ ಕಣಪ್ಪ. ನೀನೇ ತೊಳ್ದು ತಟ್ಟೇಲಿ ಜೋಡ್ಸಿದ್ದೆ. ಮಗನಿಗೆ ಈಗಾದ್ರೂ ಭಕ್ತಿ ಬಂತಲ್ಲ ಅಂದ್ಕಂಡೆ."

ಊರಿನವರೆಲ್ಲ ಗಾಡಿ ಓಡಿಸಿ ನಿಂಬೆಹಣ್ಣು ಒಡೆದರು. ನಾವು ತಳ್ಳಿ ಒಡೆಯಬೇಕಾಯಿತು. ಹೆಂಡತಿ ಸ್ಟೇರಿಂಗ್ ಹಿಡಿದಳು, ನಾನೂ ಎದುರುಮನೆಯವರೂ ತಳ್ಳಿದೆವು. ಕಾರು ಮೂರು ಸಲ ನಿಂಬೆಹಣ್ಣಿನವರೆಗೂ ಹೋಗಿ ವಾಪಸ್ ಬಂತು. ಕೊನೆಗೆ ಎದುರುಮನೆಯವರು ಏದುಸಿರು ಬಿಡುತ್ತಾ, "ಸಾರ್, ಚಿಕ್ಕ ನಿಂಬೆಹಣ್ಣು ಇಲ್ವಾ?" ಅಂದರು.

೫. ಡಾಕ್ಟರು ಯಾರು

ವಿಜಯದಶಮಿಯ ಬೆಳಗ್ಗೆ ಅಮ್ಮ ಪೂಜೆ ಕದಲಿಸಿ ಬೋಲ್ಟು ಕೊಟ್ಟರು. ಕೊಟ್ಟು ಒಳಗೆ ಹೋಗಲಿಲ್ಲ, ಪಕ್ಕದಲ್ಲೇ ನಿಂತರು.

"ಮೆತ್ತಗೆ ತಿರುಗ್ಸೋ. ಪೂಜೆ ಆಗಿರೋದು, ಕುಂಕುಮ ಅಳಿಸ್ಬುಟ್ಟೀಯ."

ಹೆದರಿ ಹೆದರಿ ಮೆತ್ತಗೇ ತಿರುಗಿಸಿದೆ. ಹೆಂಡತಿ ಕಾರಿನಡಿ ಪೇಪರ್ ಹಾಸಿ ಒಂದು ವಾರ ಕಾದಳು. ಒಂದು ತೊಟ್ಟೂ ಇಲ್ಲ! ಖುಷಿಗೆ ನಾನು ಬಾನೆಟ್ಟಿಗೆ ಮುತ್ತು ಕೊಟ್ಟದ್ದನ್ನು ಬೀದಿಯವರೆಲ್ಲ ನೋಡಿದರು.

ಮೆಕ್ಯಾನಿಕ್‌ಗೆ ಹೇಳಿದರೆ, "ನಾನು ಹೇಳಿದ್ದೂ ಅದೇ ಅಲ್ವಾ ಸಾರ್? ಒಂದು ರಾತ್ರಿ ಬಿಡಿ, ಮೆತ್ತಗೆ ತಿರುಗ್ಸಿ ಅಂತ. ಅಮ್ಮಾವ್ರು ಮಾಡ್ಸಿದ್ದಾರೆ," ಅಂದರು.

ಮೊನ್ನೆ ಭಾನುವಾರ ಎದುರುಮನೆಯವರು ಎಣ್ಣೆ ಸೋರುವ ಸ್ಕೂಟರ್ ತಳ್ಳಿಕೊಂಡು ಗೇಟಿಗೆ ಬಂದರು. ನಾನು ಉತ್ಸಾಹದಿಂದ ತೋಳು ಮಡಚಿ, ಸ್ಪ್ಯಾನರ್ ಹಿಡಿದು ಎದ್ದೆ.

ಅವರು ಗಾಬರಿಯಿಂದ ಸ್ಕೂಟರನ್ನು ಎರಡು ಹೆಜ್ಜೆ ಹಿಂದಕ್ಕೆಳೆದುಕೊಂಡು ಕೇಳಿದರು:

"ನೀವು ಕೂತ್ಕಳಿ ಸಾರ್. ಅಮ್ಮ ಇದ್ದಾರಾ?"