ಯುಗಾದಿಗೆ ಮನೆ ಹಗುರ ಮಾಡಹೊರಟದ್ದು

ಬೇಡದ ಸಾಮಾನನ್ನು ಮನೆಯಿಂದ ಹೊರಗೆ ಹಾಕುವುದು ಸುಲಭ ಎಂದು ಯಾರಾದರೂ ಹೇಳಿದರೆ, ಅವರು ಕಲ್ಕತ್ತೆಯಲ್ಲಿ ಸಂಸಾರ ಮಾಡಿಲ್ಲ ಎಂದೇ ಅರ್ಥ. ಇಲ್ಲಿ ನಮಗೆ ಹೊಸ ವರ್ಷ ಮೂರು ಸಲ ಬರುತ್ತದೆ. ಆಫೀಸಿಗೆ ಜನವರಿಯಲ್ಲಿ, ನಮಗೆ ಯುಗಾದಿಗೆ, ಅದರ ಹಿಂದೆಯೇ ಬಂಗಾಳಿಗಳಿಗೆ ಪೊಯ್ಲಾ ಬೊಯಿಶಾಖ್. ಮೂರಕ್ಕೂ ಧೂಳು ಹೊಡೆಯುತ್ತೇವೆ. ಧೂಳು ಹೋಗುತ್ತದೆ, ಸಾಮಾನು ಹೋಗುವುದಿಲ್ಲ.

ಐಟಿ ಕಂಪನಿಗಳು ಅಣಬೆಯಂತೆ ಏಳುತ್ತಿದ್ದ ಕಾಲ. ನಾನು ಸಾಲ್ಟ್ ಲೇಕಿನ ಒಂದು ಕಂಪನಿಯಲ್ಲಿ ತಂಡ ನಡೆಸುತ್ತಿದ್ದೆ. ನಮ್ಮ ಯಜಮಾನರು ಕೇಂದ್ರ ಸರ್ಕಾರಿ ನೌಕರರು. ಮೈಸೂರಿನಿಂದ ಬಂದ ಅತ್ತೆ ಜೊತೆಗಿದ್ದರು. ಕಸ್ಬಾದಲ್ಲಿ ಮೂರನೇ ಮಹಡಿಯ ಬಾಡಿಗೆ ಮನೆ. ಆ ಯುಗಾದಿಗೆ ನಡೆದದ್ದಿಷ್ಟು.

ತಜ್ಞರ ಉಪದೇಶ

ಮನೆ ಹಗುರ ಮಾಡಬೇಕೆಂಬ ಹುಚ್ಚು ನನಗೆ ಹತ್ತಿದ್ದು ಆಫೀಸಿನಲ್ಲಿ. ಬದುಕಿನ ಭಾರ ಇಳಿಸುವುದು ಹೇಗೆಂದು ಹೇಳಿಕೊಡಲು ಮುಂಬೈಯಿಂದ ಒಬ್ಬ ತಜ್ಞರನ್ನು ವಿಮಾನದಲ್ಲಿ ಕರೆಸಿದ್ದರು. ವರ್ಷದಿಂದ ಮುಟ್ಟದ ವಸ್ತು ನಿಮ್ಮದಲ್ಲ, ಕಣ್ಣು ಮುಚ್ಚಿ ಬಿಸಾಡಿ ಎಂದು ಅವರು ಇಡೀ ದಿನ ಬೋಧಿಸಿದರು. ನಾವೂ ತಲೆದೂಗಿದೆವು. ಸಂಜೆ ಹೊರಡುವಾಗ ನೆನಪಿಗೆಂದು ಎಲ್ಲರಿಗೂ ಒಂದೊಂದು ದಪ್ಪ ಫೈಲು, ಕಾಫಿ ಮಗ್ಗು, ಪೆನ್ ಸ್ಟ್ಯಾಂಡು, ಗಾಜಿನ ಪಿರಮಿಡ್ಡು, ಇವನ್ನೆಲ್ಲ ಹೊರಲು ಒಂದು ಚೀಲ ಕೊಟ್ಟರು.

ಮನೆಗೆ ಬಂದಾಗ ಏನು ಹೇಳಿಕೊಟ್ಟರೆಂದು ಅತ್ತೆ ಕೇಳಿದರು. ಮನೆಯಲ್ಲಿ ಸಾಮಾನು ಕಡಿಮೆ ಮಾಡುವುದು ಹೇಗೆ ಅಂತ ಎಂದೆ.

ಅತ್ತೆ ಚೀಲವನ್ನು ಎತ್ತಿ ನೋಡಿ, "ಸರಿ, ಇದನ್ನ ಎಲ್ಲಿಡೋದಮ್ಮ?" ಎಂದರು.

ಮಿಕ್ಸಿಯ ವಿಚಾರಣೆ

ಮೊದಲು ಕೆಟ್ಟುಹೋಗಿದ್ದ ಹಳೆಯ ಮಿಕ್ಸಿಗೆ ಕೈ ಹಾಕಿದೆ. ಯಜಮಾನರು ತಡೆದರು. ಅವರ ಆಫೀಸಿನಲ್ಲಿ ಮುರಿದ ಕುರ್ಚಿಯನ್ನು ಎಸೆಯಬೇಕಾದರೂ ಒಂದು ಸಮಿತಿ ಕೂತು, ನೋಡಿ, ಇದು ಮುರಿದಿದೆ ಎಂದು ತೀರ್ಮಾನಿಸಬೇಕು. ಮೂವತ್ತು ವರ್ಷದ ಅಭ್ಯಾಸ ಮನೆಗೆ ಬಂದರೆ ಬಿಡುತ್ತದೆಯೇ? ಭಾನುವಾರ ಇಬ್ಬರು ಸಹೋದ್ಯೋಗಿಗಳನ್ನು ಕರೆತಂದರು.

ಮೂವರೂ ಮಿಕ್ಸಿಯ ಸುತ್ತ ಕೂತರು. ಒಬ್ಬರು ಅಲುಗಾಡಿಸಿದರು, ಇನ್ನೊಬ್ಬರು ಮೂಸಿದರು. ಚಿತ್ರಾನ್ನವಾಯಿತು, ಕಾಫಿಯಾಯಿತು, ಇನ್ನೊಂದು ಸುತ್ತು ಕಾಫಿಯಾಯಿತು. ಕೊನೆಗೆ ತೀರ್ಪು ಬಂತು: ಮೋಟಾರು ಸುಟ್ಟಿದೆ, ಆದರೆ ಜಾರು ಗಟ್ಟಿಯಾಗಿದೆ. ಮೂಸಿದವರ ಮನೆಯಲ್ಲೂ ಒಂದು ಕೆಟ್ಟ ಮಿಕ್ಸಿ ಇದೆ, ಅದರ ಜಾರು ಒಡೆದಿದೆ, ಮೋಟಾರು ಸರಿಯಿರಬಹುದು. ಎರಡನ್ನೂ ಸೇರಿಸಿದರೆ ಒಂದು ಒಳ್ಳೆಯ ಮಿಕ್ಸಿ.

ಸಂಜೆಯೇ ಅವರು ತಮ್ಮದನ್ನು ತಂದುಕೊಟ್ಟರು. ಅದರ ಮೋಟಾರೂ ಸುಟ್ಟಿತ್ತು. ವಾಪಸು ಒಯ್ಯಿರಿ ಎಂದರೆ, ಅವರ ಹೆಂಡತಿ ಆಗಲೇ ಆ ಜಾಗದಲ್ಲಿ ಹೂದಾನಿ ಇಟ್ಟುಬಿಟ್ಟಿದ್ದರಂತೆ.

ಪಾಡಾದ ಕಣ್ಣು

ಇನ್ನು ಸಮಿತಿ ಬೇಡವೆಂದು, ಪರದೆ ಕತ್ತಲಾಗಿದ್ದ ಹಳೆಯ ಕಂಪ್ಯೂಟರ್ ಮಾನಿಟರನ್ನು ನಾನೇ ಹೊತ್ತುಕೊಂಡು ಹೋಗಿ ಬೀದಿಯ ಕಸದ ತೊಟ್ಟಿಯ ಪಕ್ಕ ಇಟ್ಟು ಬಂದೆ. ಅರ್ಧ ಗಂಟೆಗೆ ಬಾಗಿಲು ಬಡಿಯಿತು. ಕೆಳಮನೆಯ ಬಂಗಾಳಿ ಮೇಷ್ಟರು, ನಿವೃತ್ತರು, ಮಾನಿಟರನ್ನು ಅಪ್ಪಿಕೊಂಡು ಏದುಸಿರು ಬಿಡುತ್ತ ನಿಂತಿದ್ದರು. ಯಾರೋ ನಿಮ್ಮ ಕಂಪ್ಯೂಟರ್ ಕದ್ದು, ಭಾರ ತಾಳದೆ ಅಲ್ಲಿ ಬಿಟ್ಟು ಓಡಿದ್ದಾರೆ, ಗುಜರಿಯವನ ಕೈಯಿಂದ ಜಗಳವಾಡಿ ಬಿಡಿಸಿಕೊಂಡು ಬಂದೆ ಎಂದರು. ಅಷ್ಟು ಹೇಳಿದ ಮೇಲೆ ನಾವೇ ಎಸೆದದ್ದು ಎನ್ನಲು ಬಾಯಿ ಬರಲಿಲ್ಲ. ಕೂರಿಸಿ, ಚಹಾ ಕೊಟ್ಟು, ಸಂದೇಶ್ ಮಿಠಾಯಿ ತಿನ್ನಿಸಿ ಕಳಿಸಿದೆವು.

ಮರುದಿನ ಯಜಮಾನರು ಅದನ್ನು ಎರಡು ಬೀದಿ ದಾಟಿಸಿ ಇಟ್ಟು ಬಂದರು. ಅವರು ಮನೆ ಸೇರುವ ಮೊದಲೇ ಮಾನಿಟರು ಆಟೋದಲ್ಲಿ ಬಂದು ಕೂತಿತ್ತು. ಮೇಷ್ಟರು ಅಷ್ಟರಲ್ಲಿ ಪಾಡಾಕ್ಕೆಲ್ಲ, ಅಂದರೆ ಇಡೀ ಕೇರಿಗೆ, ಸುದ್ದಿ ಮುಟ್ಟಿಸಿದ್ದರು.

ಬಾಗಿಲು ತೆರೆದಿಟ್ಟು ಮಲಗೋಣ, ಕಳ್ಳನಾದರೂ ಒಯ್ಯಲಿ ಎಂದರು ಯಜಮಾನರು ಸೋತು.

"ಬೇಡಪ್ಪ," ಎಂದರು ಅತ್ತೆ. "ಆ ಕಳ್ಳನ್ನೂ ಹಿಡ್ಕೊಂಡು ಬಂದು ನಮ್ಮನೇಲೇ ಬಿಡ್ತಾರೆ. ಅವನಿಗೂ ಜಾಗ ಇಲ್ಲ."

ಕಿತ್ತಳೆ ಬಣ್ಣದ ಅಂಗಿಗಳು

ನಿಜವಾಗಿ ಮನೆಯಿಂದ ಏನನ್ನಾದರೂ ಸಾಗಹಾಕಿದವರು ಅತ್ತೆಯೊಬ್ಬರೇ. ನಮ್ಮ ಕಂಪನಿ ಹೊಸ ಪ್ರಾಜೆಕ್ಟ್ ಹಿಡಿದರೆ ಟೀ ಶರ್ಟ್ ಕೊಡುತ್ತಿತ್ತು, ಮುಗಿಸಿದರೆ ಕೊಡುತ್ತಿತ್ತು, ಮುಗಿಯದಿದ್ದರೆ ಹುಮ್ಮಸ್ಸು ಬರಲೆಂದು ಎರಡು ಕೊಡುತ್ತಿತ್ತು. ಎಲ್ಲವೂ ಕಿತ್ತಳೆ ಬಣ್ಣ, ಎದೆಯ ಮೇಲೆ ಕಂಪನಿಯ ಹೆಸರು. ಆಫೀಸಿನಲ್ಲಿ ಹಂಚಿ ಉಳಿದ ಕಟ್ಟೂ ನಮ್ಮ ಅಟ್ಟದಲ್ಲೇ ಇತ್ತು. ಹಳೆ ಬಟ್ಟೆಗೆ ಪಾತ್ರೆ ಕೊಡುವ ಹೆಂಗಸು ಬಂದಾಗ ಅತ್ತೆ ಅಷ್ಟನ್ನೂ ಕೊಟ್ಟು ಒಂದು ದೊಡ್ಡ ಸ್ಟೀಲ್ ಕೊಳಗ ತೆಗೆದುಕೊಂಡರು. ನನಗೂ ಸಂತೋಷವಾಯಿತು. ಆಕೆ ಅವನ್ನು ಯಾರಿಗೆ ಮಾರಿದಳೆಂದು ಯೋಚಿಸಲಿಲ್ಲ.

ಯುಗಾದಿಯ ಹೊತ್ತಿಗೆ ಅಮೆರಿಕದಿಂದ ನಮ್ಮ ಕ್ಲೈಂಟ್ ಬಂದ. ಅವನ ಕೆಲಸ ತಡವಾಗಿತ್ತು. ಜನ ಸಾಲುತ್ತಿಲ್ಲ ಎಂದು ನಾವು ಬರೆದಿದ್ದೆವು, ಅದನ್ನು ಕಣ್ಣಾರೆ ನೋಡಲು ಬಂದಿದ್ದ. ಪ್ರಾಜೆಕ್ಟ್ ಕೈತಪ್ಪಿದರೆ ನನ್ನ ತಂಡವೇ ಮುಚ್ಚುತ್ತಿತ್ತು. ಹಬ್ಬದೂಟ ಹಾಕಿ ಮನಸ್ಸು ಮೆತ್ತಗೆ ಮಾಡೋಣವೆಂದು ನಮ್ಮ ಬಾಸ್ ಅವನನ್ನು ನನ್ನ ಮನೆಗೆ ಕರೆದುಕೊಂಡು ಹೊರಟರು. ಕಾರಿನಲ್ಲಿ ಮೂವರೂ ಇದ್ದೆವು.

ನಮ್ಮ ಬೀದಿಯ ತಿರುವಿನಲ್ಲಿ ರಿಕ್ಷಾ ಸ್ಟ್ಯಾಂಡು, ಅದರ ಪಕ್ಕ ಚಹಾದಂಗಡಿ. ಅಲ್ಲಿ ಉದ್ದದ ಬೆಂಚಿನ ಮೇಲೆ ರಿಕ್ಷಾದವರೆಲ್ಲ ಕಿತ್ತಳೆ ಬಣ್ಣದ ಅಂಗಿ ತೊಟ್ಟು, ಸಾಲಾಗಿ ಕೂತು, ಮಣ್ಣಿನ ಪುಟ್ಟ ಕುಡಿಕೆಯಲ್ಲಿ ಚಹಾ ಕುಡಿಯುತ್ತಿದ್ದರು. ನನ್ನನ್ನು ಕಂಡವರೇ ಎಲ್ಲರೂ ಎದ್ದು ನಿಂತು, "ನಮಸ್ಕಾರ, ದಿದಿ" ಎಂದು ಕೈಯೆತ್ತಿದರು.

ಕ್ಲೈಂಟ್ ಕಾರು ನಿಲ್ಲಿಸಲು ಹೇಳಿ, ಇವರೆಲ್ಲ ನಿಮ್ಮವರೇ ಎಂದು ಕೇಳಿದ. ನಾನು ಸೀಟಿನಲ್ಲಿ ಕುಗ್ಗಿ ಕೂತೆ. ಬಾಸ್ ಮಾತ್ರ ಅಲುಗಲಿಲ್ಲ. ನಮ್ಮ ಉದ್ಯಮದಲ್ಲಿ ಪ್ರಾಜೆಕ್ಟ್ ಸಿಗದೆ ಸುಮ್ಮನೆ ಕೂತವರನ್ನು ಬೆಂಚಿನ ಮೇಲಿದ್ದಾರೆ ಎನ್ನುವುದು ವಾಡಿಕೆ.

"ಹೌದು," ಎಂದರು ಬಾಸ್, "ಸದ್ಯಕ್ಕೆ ಬೆಂಚಿನ ಮೇಲಿದ್ದಾರೆ."

ಕ್ಲೈಂಟ್ ಕಿಟಕಿ ಇಳಿಸಿ ರಿಕ್ಷಾದವರಿಗೆ ಕೈ ಬೀಸಿದ.

"ಹಾಗಾದರೆ ಸೋಮವಾರದಿಂದ ಇವರನ್ನೇ ನನ್ನ ಕೆಲಸಕ್ಕೆ ಹಾಕಿ," ಎಂದ. "ಈಗಿರುವ ತಂಡ ಬೆಳಿಗ್ಗೆ ನಾನು ಆಫೀಸಿಗೆ ಹೋದಾಗ ಎದ್ದೂ ನಿಲ್ಲಲಿಲ್ಲ."